ವಿದ್ಯೆಗೆ ಕೊಟ್ಟವರ ಹೆಸರು

ಬೆಂಗಳೂರಿನ ದಕ್ಷಿಣಕ್ಕೆ, ಗವೀಪುರದ ಬಂಡೆಗಳಿಗೂ ಹೊಸಕೆರೆಹಳ್ಳಿಯ ಕೆರೆಯಂಗಳಕ್ಕೂ ನಡುವೆ ಹಬ್ಬಿಕೊಂಡಿರುವ ಗಿರಿನಗರವು ವಯಸ್ಸಿನಿಂದ ಹಿರಿದಾದ ಬಡಾವಣೆಯೇನಲ್ಲ. ಕೋಟೆಕೊತ್ತಲಗಳ ಹೆಮ್ಮೆಯಾಗಲಿ ಪೇಟೆಬೀದಿಗಳ ಪ್ರಾಚೀನತೆಯಾಗಲಿ ಇದಕ್ಕಿಲ್ಲ. ಆದರೆ ಇಲ್ಲಿ ನೆಲೆಸಿದ ಸಂಸಾರಗಳ ಮಕ್ಕಳು ನಡೆದು ಹೋಗಿ ಓದಿಬರಬಹುದಾದಷ್ಟು ಸಮೀಪದಲ್ಲಿ ಎಷ್ಟು ವಿದ್ಯಾಸಂಸ್ಥೆಗಳು ಒತ್ತೊತ್ತಾಗಿ ನಿಂತಿವೆಯೆಂಬುದನ್ನು ಗಮನಿಸಿದವರಿಗೆ, ಈ ಬಡಾವಣೆಯು ತಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬೇರೆಯವರು ಕೂಡಿಟ್ಟ ಒಂದು ಸಂಪತ್ತಿಗೆ ಉತ್ತರಾಧಿಕಾರಿಯಾಗಿ ಬಂದಿತೆಂಬುದು ಮನದಟ್ಟಾಗದೆ ಇರದು. ಇಲ್ಲಿಂದ ಮೂಡಲಿಗೆ ಮುಖಮಾಡಿ ಹನುಮಂತನಗರದ ಏರನ್ನು ಹತ್ತಿ ಇಳಿದರೆ ಬುಲ್ ಟೆಂಪಲ್ ರಸ್ತೆಯ ಮೇಲೆ 1946ರಲ್ಲಿ ಸ್ಥಾಪಿತವಾದ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು, ಅದೇ ರಸ್ತೆಯಲ್ಲಿ ಮುಂದೆ ಡಿ.ವಿ. ಗುಂಡಪ್ಪನವರು 1945ರಲ್ಲಿ ಆರಂಭಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ನರಸಿಂಹರಾಜ ಕಾಲೊನಿಯಲ್ಲಿ 1935ರಲ್ಲಿ ಎನ್. ಅನಂತಾಚಾರ್ಯರು ನೆಟ್ಟ ಆಚಾರ್ಯ ಪಾಠಶಾಲೆ, ಬಸವನಗುಡಿಯಲ್ಲಿ 1917ರ ನ್ಯಾಷನಲ್ ಹೈಸ್ಕೂಲು ಮತ್ತು ಅದರ ಬೆಳವಣಿಗೆಯಾಗಿ 1945ರಲ್ಲಿ ತಲೆಯೆತ್ತಿದ ನ್ಯಾಷನಲ್ ಕಾಲೇಜು, ಬಿ.ಪಿ. ವಾಡಿಯಾ ರಸ್ತೆಯಲ್ಲಿ ಅದೇ 1945ರ ವಿಶ್ವ ಸಂಸ್ಕೃತಿ ಸಂಸ್ಥೆ. ಜಯನಗರದ ಕಡೆಗೆ ತಿರುಗಿದರೆ 1940ರಲ್ಲಿ ಎಂ.ಸಿ. ಶಿವಾನಂದ ಶರ್ಮರು ತೊಡಗಿಸಿದ ರಾಷ್ಟ್ರೀಯ ಶಿಕ್ಷಣ ಸಮಿತಿಯ ಶಾಲೆ ಕಾಲೇಜುಗಳು. ಇವುಗಳಲ್ಲಿ ಒಂದಾದರೂ ಬರಿಯ ಸರಕಾರದ ಆಜ್ಞೆಯಿಂದ ಹುಟ್ಟಿದುದಲ್ಲ. ಯಾರೋ ಕೊಟ್ಟರು, ಯಾರೋ ಬೇಡಿ ತಂದರು, ಯಾರೋ ಲೆಕ್ಕವಿಟ್ಟು ಕಾಪಾಡಿದರು.

ಕೊಟ್ಟವರನ್ನು ಪಡೆದವರು ಹೇಗೆ ನೆನೆದರು ಎಂಬುದು ನನ್ನ ವಿಷಯ. ದಾನದ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಉಂಟು. ದಾನಿಗೆ ಸಂದ ಮನ್ನಣೆಯ ಚರಿತ್ರೆಯನ್ನು ಯಾರೂ ಅಷ್ಟಾಗಿ ಕಣ್ಣಿಟ್ಟು ನೋಡಿದಂತಿಲ್ಲ. ಅದು ಕೇವಲ ಶಿಷ್ಟಾಚಾರದ ಸಂಗತಿಯೆಂದು ತಳ್ಳಿಹಾಕುವುದು ಸುಲಭವಾದರೂ, ಒಂದು ಸಮಾಜವು ವಿದ್ಯೆಯನ್ನು ಯಾರ ಸೊತ್ತೆಂದು ಬಗೆದಿತ್ತು, ದಾನವೆಂದರೆ ಮುಗಿದುಹೋದ ಕ್ರಿಯೆಯೆಂದು ತಿಳಿದಿತ್ತೋ ಅಥವಾ ಮುಂದಿನ ತಲೆಮಾರಿನವರನ್ನೂ ಕಟ್ಟಿಹಾಕುವ ಕರಾರೆಂದು ತಿಳಿದಿತ್ತೋ ಎಂಬುದೆಲ್ಲ ಆ ಮನ್ನಣೆಯ ರೀತಿಯಲ್ಲಿಯೇ ಅಚ್ಚೊತ್ತಿರುತ್ತದೆ.

ಪಶ್ಚಿಮ ದೇಶಗಳ, ವಿಶೇಷವಾಗಿ ಅಮೆರಿಕೆಯ, ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಒಂದು ಸುವ್ಯವಸ್ಥಿತವಾದ ಪದ್ಧತಿ ಬೆಳೆದಿದೆ. ವರ್ಷಕ್ಕೆ ಇಂತಿಷ್ಟು ಕೊಟ್ಟವರು ಒಂದು ಮಂಡಲಿಗೆ, ಅದರ ಹತ್ತು ಪಟ್ಟು ಕೊಟ್ಟವರು ಇನ್ನೊಂದಕ್ಕೆ, ಮರಣಶಾಸನದಲ್ಲಿ ವಿದ್ಯಾಲಯಕ್ಕೆ ಪಾಲಿಟ್ಟವರು ಮತ್ತೊಂದಕ್ಕೆ, ಮೊತ್ತ ಸಣ್ಣದಾದರೂ ವರ್ಷ ತಪ್ಪದೆ ಕೊಡುತ್ತ ಬಂದವರು ಬೇರೊಂದಕ್ಕೆ ಸದಸ್ಯರಾಗುತ್ತಾರೆ. ಪ್ರತಿಯೊಂದು ಮಂಡಲಿಗೂ ಸಂಸ್ಥಾಪಕನದೋ ಮೊದಲನೆಯ ಕಟ್ಟಡದ್ದೋ ಹೆಸರು, ವಾರ್ಷಿಕ ಭೋಜನ, ಪದಕ, ಮುದ್ರಿತವಾದ ನಾಮಾವಳಿ. ಇದರ ಬೇರು ಆ ದೇಶದ ಮೊದಲ ಕಾಲೇಜುಗಳಲ್ಲಿಯೇ ಇದೆ. 1638ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ಎಂಬ ತರುಣ ಪಾದ್ರಿಯು ತನ್ನ ಆಸ್ತಿಯ ಅರ್ಧವನ್ನೂ ಸುಮಾರು ನಾನ್ನೂರು ಪುಸ್ತಕಗಳನ್ನೂ ಬಿಟ್ಟುಹೋದುದಕ್ಕೆ, ಮಾರನೆಯ ವರ್ಷವೇ ಕಾಲೇಜು ಅವನ ಹೆಸರನ್ನು ಧರಿಸಿತು. ಎಲಿಹು ಯೇಲನ ಕಥೆಯಂತೂ ನಮ್ಮ ದಕ್ಷಿಣದೇಶಕ್ಕೂ ಸಂಬಂಧಪಟ್ಟದ್ದು: ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಅಧಿಪತಿಯಾಗಿದ್ದು ಅಲ್ಲಿನ ಖಾಸಗಿ ವ್ಯಾಪಾರದಿಂದ ಶ್ರೀಮಂತನಾದ ಈತನು 1718ರಲ್ಲಿ ಕಳುಹಿಸಿದ ಕೆಲವು ಮೂಟೆ ಸರಕು, 417 ಪುಸ್ತಕಗಳು, ಒಂದು ಚಿತ್ರಪಟ, ಇಷ್ಟಕ್ಕೆ ಇಂದು ಜಗದ್ವಿಖ್ಯಾತವಾದ ವಿಶ್ವವಿದ್ಯಾಲಯವೊಂದು ಅವನ ನಾಮಧೇಯವನ್ನು ಹೊತ್ತಿತು. ಚೋಳಮಂಡಲದ ನೇಕಾರರ ದುಡಿಮೆಯಿಂದ ಲಾಭವಾಗಿ ಹೊರಟ ಹಣವು ಕಡಲಾಚೆ ವಿದ್ಯಾಪೀಠವಾಯಿತು. ಆ ನೇಕಾರರ ಹೆಸರು ಮಾತ್ರ ಯಾವ ಫಲಕದಲ್ಲಿಯೂ ಇಲ್ಲ.

ನಮ್ಮ ನಾಡಿನ ಪದ್ಧತಿ ಇದಕ್ಕಿಂತ ಏಳು ಶತಮಾನ ಹಿಂದಿನದು. ಅದನ್ನು ತಿಳಿಯಬೇಕಾದರೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಮುಂದೆ ನಿಲ್ಲಬೇಕು. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು, ಅಂದು ಪಾವಿಟ್ಟಗೆಯೆಂದು ಕರೆಯುತ್ತಿದ್ದ ಆ ಊರಿನಲ್ಲಿ ತ್ರಯೀಪುರುಷ ದೇವರ ಸನ್ನಿಧಿಯಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ನೆರೆಯುತ್ತಿದ್ದರಾದ ಕಾರಣ ಅವರ ವಸತಿಗೆ 27 ಮನೆಗಳು, ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿ, ಅಧ್ಯಾಪಕನ ಜೀವನಕ್ಕೆ 50 ನಿವರ್ತನ, ದೀಪಕ್ಕೆಂದೇ 12 ನಿವರ್ತನ ಮೀಸಲಾದುವು. ಓದುವ ಹುಡುಗನ ಮುಂದೆ ಸಂಜೆ ಎಣ್ಣೆ ತೀರಿ ದೀಪ ಆರಬಾರದೆಂದು ಒಂದು ಹೊಲವನ್ನು ಪ್ರತ್ಯೇಕವಾಗಿ ತೆಗೆದಿರಿಸಿದ ಆ ದೂರದೃಷ್ಟಿಗೆ ನಾನು ಮತ್ತೆ ಮತ್ತೆ ಕೈಮುಗಿಯುತ್ತೇನೆ.

ಆದರೆ ಸಾಲೋಟಗಿಯ ಹಿರಿಮೆ ಮಂತ್ರಿಯ ಔದಾರ್ಯದಲ್ಲಿಯೇ ಮುಗಿಯುವುದಿಲ್ಲ. ಊರಿನವರೂ ಆ ಶಾಸನದಲ್ಲಿ ಪಾಲುದಾರರು. ಮನೆಯಲ್ಲಿ ಮದುವೆ ನಡೆದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲಿಯೂ ಅರ್ಧ ಕೊಡತಕ್ಕದ್ದೆಂದೂ, ಊರಿನಲ್ಲಿ ಯಾವುದೇ ನಿಮಿತ್ತದಿಂದ ಸಂತರ್ಪಣೆ ನಡೆದರೆ ಶಾಲೆಯವರಿಗೂ ಯಥಾಶಕ್ತಿ ಊಟವಿಡತಕ್ಕದ್ದೆಂದೂ ಅಲ್ಲಿ ಕಟ್ಟಳೆಯಾಯಿತು. ಒಬ್ಬ ಮಹಾದಾನಿಯ ಹೆಸರಿನ ಆಶ್ರಯದಲ್ಲಿ ಇಡಿಯ ಗ್ರಾಮವೇ ದಾನಿಗಳ ಸಂಘವಾಗಿ ಪರಿಣಮಿಸಿದ ದೃಷ್ಟಾಂತವಿದು. ಮನೆಯ ಮಂಗಳಕಾರ್ಯಕ್ಕೂ ಪರರ ಮಕ್ಕಳ ವಿದ್ಯೆಗೂ ಹೀಗೆ ನಂಟು ಬೆಸೆದ ಇನ್ನೊಂದು ವ್ಯವಸ್ಥೆಯನ್ನು, ನಾನು ಓದಿದ ಮಟ್ಟಿಗೆ, ಬೇರೆಲ್ಲಿಯೂ ಕಂಡಿಲ್ಲ. ಶಾಲೆಯ ಕಟ್ಟಡವು ಮುಂದೆ ಶಿಥಿಲವಾಗಲು, ಹನ್ನೊಂದನೆಯ ಶತಮಾನದಲ್ಲಿ ಆ ಸೀಮೆಯ ಒಬ್ಬ ನಾಯಕನು ಅದನ್ನು ಮರಳಿ ಕಟ್ಟಿಸಿದನು. ಹೊಸ ದಾನಿ ಬಂದನೆಂದು ಹಳೆಯ ದಾನಿಯ ಹೆಸರು ಅಳಿಯಲಿಲ್ಲ. ಇಂದಿಗೂ ಓದಲು ಬರುವಂತೆ ನಾರಾಯಣನ ಶಾಸನ ನಿಂತಿದೆ.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನವೂ ಇದೇ ಬಗೆಯದು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ವೇದವನ್ನು ಓದುವ 200 ಮಂದಿ, ಶಾಸ್ತ್ರವನ್ನು ಓದುವ 52 ಮಂದಿ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಗಳನ್ನು ಏರ್ಪಡಿಸಿದನು. ಪುಸ್ತಕಗಳನ್ನು ಕಾಯುವವನಿಗೂ ದಾನದಲ್ಲಿ ಪಾಲುಂಟೆಂದು ಆ ಸೇನಾಧಿಪತಿಗೆ ತೋರಿತ್ತು.

ಇಂಥ ಶಾಸನಗಳನ್ನು ಓದುವಾಗ ಗಮನಿಸತಕ್ಕ ಅಂಶವೊಂದುಂಟು. ದಾನಿಯ ವಂಶವನ್ನೂ ಬಿರುದುಗಳನ್ನೂ ಕವಿಯು ಎಷ್ಟೇ ವಿಸ್ತಾರವಾಗಿ ಹೊಗಳಿದರೂ, ಶಾಸನವು ಮುಗಿಯುವುದು ಆ ಹೊಗಳಿಕೆಯಿಂದಲ್ಲ. ಈ ಧರ್ಮವನ್ನು ಪಾಲಿಸಿದವರಿಗೆ ಪುಣ್ಯ, ಅಳಿದವರಿಗೆ ಘೋರ ಪಾತಕ ಎಂಬ ಎಚ್ಚರಿಕೆಯಿಂದ. ನೆತ್ತಿಯಲ್ಲಿ ಸೂರ್ಯಚಂದ್ರರು, ಕರುವಿಗೆ ಹಾಲೂಡುವ ಹಸು, ಬುಡದಲ್ಲಿ ಶಾಪಾಶಯ. ಹೀಗೆ ದಾನಿಯ ಹೆಸರನ್ನು ಕಲ್ಲಿನಲ್ಲಿ ಬರೆಯುವುದರ ಉದ್ದೇಶವು ಅವನ ಕೀರ್ತಿಗಿಂತಲೂ ಹೆಚ್ಚಾಗಿ ದಾನದ ರಕ್ಷಣೆಯಾಗಿದ್ದಿತು. ಇಂಥವನು ಇಂಥ ಕಾರ್ಯಕ್ಕೆ ಕೊಟ್ಟನೆಂಬ ಬರೆಹವು ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿರುವತನಕ, ಆ ಭೂಮಿಯನ್ನು ಕಬಳಿಸಲು ಬಂದ ಅಧಿಕಾರಿಗೂ ಆ ಶಾಲೆಯನ್ನು ಮುಚ್ಚಲು ಹೊರಟ ಒಡೆಯನಿಗೂ ಊರವರು ಬೆರಳೆತ್ತಿ ತೋರಿಸಲು ಒಂದು ಸಾಕ್ಷಿ ಉಳಿದಿರುತ್ತಿತ್ತು. ಪಡೆದವನು ಕೊಟ್ಟವನಿಗೆ ತೋರುವ ಕೃತಜ್ಞತೆಯೂ, ಪಡೆದವನ ಮೇಲೆ ಕೊಟ್ಟವನು ಹೊರಿಸುವ ಹೊಣೆಯೂ ಒಂದೇ ಕಲ್ಲಿನಲ್ಲಿ ಕೂಡಿದ್ದುವು. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಇಟ್ಟುಕೊಂಡಾಗ ನಾಮಫಲಕವು ತನ್ನ ಅರ್ಧ ಬಲವನ್ನು ಕಳೆದುಕೊಳ್ಳುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಲ್ಲಿನ ಜೊತೆಗೆ ಬಿರುದಿನ ಮನ್ನಣೆಯೂ ಪ್ರಾಚೀನವಾದುದೇ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಖ್ಯಾತಳಾದ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು ಕನ್ನಡಿಗರು ಇಂದಿಗೂ ದಾನಚಿಂತಾಮಣಿಯೆಂದಲ್ಲದೆ ಬರಿಯ ಹೆಸರಿನಿಂದ ಕರೆಯಲು ಹಿಂಜರಿಯುತ್ತಾರೆ. ಮುದ್ರಣಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಒಂದು ಕಾವ್ಯವನ್ನು ನಾಶದಿಂದ ಉಳಿಸಿದ ಆ ಮಹಾತಾಯಿಗೆ ಸಂದ ಬಿರುದು ಸಾವಿರ ವರ್ಷ ಮಾಸದೆ ಉಳಿದಿದೆ.

ಮೈಸೂರಿನ ಅರಸರು ಈ ಬಿರುದಿನ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ನಡೆಸಿಕೊಂಡು ಬಂದರು. ವಿದ್ಯೆಗೂ ವೈದ್ಯಕ್ಕೂ ಅನ್ನಕ್ಕೂ ಕೊಟ್ಟ ವರ್ತಕರನ್ನು ದರಬಾರಿಗೆ ಕರೆದು ಧರ್ಮರತ್ನಾಕರ, ಧರ್ಮಪ್ರವರ್ತ, ಧರ್ಮಪ್ರಕಾಶ, ಜನೋಪಕಾರಿ ಎಂಬಿವೇ ಮೊದಲಾದ ಬಿರುದುಗಳನ್ನು ಕೊಟ್ಟು ಗೌರವಿಸುತ್ತಿದ್ದರು. ಬೆಂಗಳೂರಿನ ವಿದ್ಯಾದಾನಿಗಳ ಹೆಸರುಗಳು ಈ ಬಿರುದುಗಳಿಂದ ಬೇರ್ಪಡದಷ್ಟು ಬೆಸೆದುಹೋಗಿವೆ. ದಂಡಿನ ಪ್ರದೇಶದಲ್ಲಿ 1873ರಲ್ಲಿ ಶಾಲೆಯನ್ನು ತೆರೆದ ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಧರ್ಮರತ್ನಾಕರರು. ರೈಲು ನಿಲ್ದಾಣದ ಎದುರಿಗೆ ಛತ್ರವನ್ನು ಕಟ್ಟಿಸಿ, ಹಳ್ಳಿಗಳಿಂದ ಓದಲು ಬಂದ ವೀರಶೈವ ಬಾಲಕರಿಗೆ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಲು ತಮ್ಮ ಗಳಿಕೆಯನ್ನು ಧರ್ಮಸಂಸ್ಥೆಗೆ ಒಪ್ಪಿಸಿದ ಗುಬ್ಬಿ ತೋಟದಪ್ಪನವರು ಧರ್ಮಪ್ರವರ್ತರು. ಚಿಕ್ಕಪೇಟೆ ದೊಡ್ಡಪೇಟೆಗಳವರ ನೆನಪಿನಲ್ಲಿ ದೊಡ್ಡಣ್ಣಶೆಟ್ಟರು ಎಂದೆಂದಿಗೂ ಜನೋಪಕಾರಿಗಳು. ನಮ್ಮ ಗಿರಿನಗರದ ನೆರೆಯ ಬಿ.ಎಂ.ಎಸ್. ಕಾಲೇಜನ್ನು ಸ್ಥಾಪಿಸಿದ ಬಿ.ಎಂ. ಶ್ರೀನಿವಾಸಯ್ಯನವರು ರಾಜಕಾರ್ಯಪ್ರಸಕ್ತ, ಧರ್ಮಪ್ರಕಾಶ ಎಂಬ ಎರಡು ಬಿರುದುಗಳನ್ನು ಪಡೆದವರು. ಇಂಜಿನಿಯರಿಂಗ್ ವಿದ್ಯೆಯೆಂದರೆ ಸರಕಾರದ ಕೆಲಸವೆಂದು ಎಲ್ಲರೂ ತಿಳಿದಿದ್ದ 1946ರಲ್ಲಿ, ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬರುವ ಮೊದಲೇ, ಖಾಸಗಿ ದಾನದಿಂದ ಅಂಥ ಕಾಲೇಜೊಂದನ್ನು ತೆರೆದ ಧೈರ್ಯ ಅವರದು. ದೇಶದಲ್ಲಿ ಆ ಬಗೆಯದು ಅದೇ ಮೊದಲನೆಯದು. ಆ ಬಾಗಿಲಿನಿಂದ ಹೊರಬಿದ್ದ ಸಹಸ್ರಾರು ಇಂಜಿನಿಯರುಗಳು ಮೂರು ಅಕ್ಷರಗಳನ್ನು ದಿನವೂ ಉಚ್ಚರಿಸುತ್ತಾರೆ. ಆ ಮೂರು ಅಕ್ಷರಗಳೊಳಗೆ ಒಬ್ಬ ಮನುಷ್ಯನಿದ್ದಾನೆಂಬುದು ಎಷ್ಟು ಮಂದಿಗೆ ನೆನಪಿಗೆ ಬರುತ್ತದೆಯೋ! ಹೆಸರನ್ನು ಉಳಿಸುವುದು ಬೇರೆ, ನೆನಪನ್ನು ಉಳಿಸುವುದು ಬೇರೆ.

ಅರಸನು ಕೊಡುವ ಬಿರುದಿಗೆ ಒಂದು ಗುಣವಿತ್ತು, ಒಂದು ದೋಷವೂ ಇತ್ತು. ಮನ್ನಣೆಯನ್ನು ನೀಡುವವನು ದಾನವನ್ನು ಪಡೆದವನಲ್ಲ, ಮೂರನೆಯವನು. ಆದುದರಿಂದ ಅದರಲ್ಲಿ ಇನ್ನಷ್ಟು ಕೊಡಲಿ ಎಂಬ ಅಪೇಕ್ಷೆಯ ಸೋಂಕು ಕಡಿಮೆಯಾಗಿದ್ದಿತು. ಇದು ಗುಣ. ದೋಷವೆಂದರೆ, ದರಬಾರಿನ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಕೊಡಲಾರದವನಿಗೆ ಅಲ್ಲಿ ಎಡೆಯಿರಲಿಲ್ಲ.

ಹೆಸರನ್ನು ಬೇಡವೆಂದ ದೊಡ್ಡ ದಾನಿಗಳೂ ಈ ನಗರದ ಚರಿತ್ರೆಯಲ್ಲಿದ್ದಾರೆ. ಜಮ್‌ಶೇಟ್‌ಜೀ ಟಾಟಾ ಅವರು 1898ರ ಹೊತ್ತಿಗೆ ಒಂದು ಸಂಶೋಧನ ವಿದ್ಯಾಲಯದ ಯೋಜನೆಯನ್ನು ರೂಪಿಸಿ, ಮುಂಬಯಿಯಲ್ಲಿನ ತಮ್ಮ ಆಸ್ತಿಯಲ್ಲಿ ದೊಡ್ಡದೊಂದು ಪಾಲನ್ನು ಅದಕ್ಕಾಗಿ ತೆಗೆದಿರಿಸಿದಾಗ, ಅದಕ್ಕೆ ತಮ್ಮ ಹೆಸರನ್ನಿಡಲು ಒಪ್ಪಲಿಲ್ಲ. 1904ರಲ್ಲಿ ಅವರು ತೀರಿಕೊಂಡರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನೂ ಧನವನ್ನೂ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಅಧಿಕೃತ ಹೆಸರಿನಲ್ಲಿ ದಾನಿಯಿಲ್ಲ. ಆದರೂ ಬೆಂಗಳೂರಿನ ಜನ ಅದನ್ನು ನೂರು ವರ್ಷಕ್ಕೂ ಮೀರಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ಬಸ್ಸಿನ ಕಂಡಕ್ಟರು ಅದೇ ಹೆಸರನ್ನು ಕೂಗಿದ, ಮುದುಕರು ಅದೇ ಹೆಸರನ್ನು ಹೇಳಿ ದಾರಿ ತೋರಿದರು. ಯಾವ ಸಭೆಯೂ ನಿರ್ಣಯಿಸದೆ ಜನರು ತಾವಾಗಿ ಕೊಟ್ಟ ಈ ಮನ್ನಣೆಗಿಂತ ಹೆಚ್ಚಿನದು ಯಾವುದಿದೆ? ವಿಶ್ವೇಶ್ವರಯ್ಯನವರ ನಡತೆಯೂ ಇದೇ ಎತ್ತರದ್ದು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲತಕ್ಕ ಸಂಭಾವನೆಯನ್ನು ಮುಟ್ಟದೆ, ಅದನ್ನು ಯುವಕರಿಗೆ ಕೈಕಸುಬುಗಳನ್ನು ಕಲಿಸುವ ವಿದ್ಯಾಲಯಕ್ಕೆ ತಿರುಗಿಸಿದರು. 1943ರಲ್ಲಿ ಅದು ಬೆಂಗಳೂರಿನಲ್ಲಿ ಆರಂಭವಾದಾಗ ಅದಕ್ಕೆ ತಮ್ಮ ಹೆಸರನ್ನಿಡಗೊಡದೆ ಜಯಚಾಮರಾಜೇಂದ್ರರ ಹೆಸರನ್ನಿಡಿಸಿದರು.

ಇಷ್ಟು ಹೇಳಿದುದೆಲ್ಲ ದೊಡ್ಡವರ ಮಾತಾಯಿತು. ಬಸವನಗುಡಿ, ಚಾಮರಾಜಪೇಟೆ, ವಿಶ್ವೇಶ್ವರಪುರ, ಮೈಸೂರಿನ ಅಗ್ರಹಾರಗಳು, ಇಲ್ಲೆಲ್ಲ ಇನ್ನೊಂದು ದಾನಪದ್ಧತಿ ಬಹುಕಾಲ ನಡೆದಿತ್ತು. ಅದಕ್ಕೆ ದರಬಾರೂ ಇರಲಿಲ್ಲ, ಫಲಕವೂ ಇರಲಿಲ್ಲ. ಅದು ವಾರಾನ್ನ. ಹಳ್ಳಿಯಿಂದ ಓದಲು ಬಂದ ಬಡಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು: ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದರಲ್ಲಿ, ಹೀಗೆ ಭಾನುವಾರದವರೆಗೆ. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಮನೆಯೊಡತಿಯು ತನ್ನ ಮಕ್ಕಳ ಸಾಲಿನಲ್ಲಿಯೇ ಅವನಿಗೂ ಎಲೆ ಹಾಕಿ ಬಡಿಸುತ್ತಿದ್ದಳು; ಅವನು ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ಕೇಳಿದ ದಿನ ಪಾಯಸ ಮಾಡಿದ ಮನೆಗಳೂ ಇದ್ದುವು. ಮೈಸೂರು ಸೀಮೆಯ ಎಷ್ಟೋ ಮಂದಿ ವಿದ್ವಾಂಸರು, ಉಪಾಧ್ಯಾಯರು, ನ್ಯಾಯವಾದಿಗಳು ತಮ್ಮ ಆತ್ಮಕಥನಗಳಲ್ಲಿ ವಾರಾನ್ನದ ಮನೆಗಳನ್ನು ಕಣ್ಣು ತುಂಬಿ ನೆನೆದಿದ್ದಾರೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಧನಮೂಲ ಅರಮನೆಯ ಖಜಾನೆಯೆಂದು ಚರಿತ್ರೆ ಬರೆಯುತ್ತದೆ. ಅಲ್ಲಿ ಓದಿದ ಬಡ ಹುಡುಗರ ಹೊಟ್ಟೆ ತುಂಬಿದುದು ಅಡಿಗೆಮನೆಯ ಖಜಾನೆಯಿಂದ. ಆ ಗೃಹಿಣಿಯರ ಹೆಸರುಗಳು ಉಳಿದಿಲ್ಲ. ಎಷ್ಟೋ ವೇಳೆ ಆತ್ಮಕಥನದಲ್ಲಿಯೂ ಇಂಥವರ ಮನೆಯ ಅಮ್ಮನವರು ಎಂದಿರುತ್ತದೆಯೇ ಹೊರತು ಹೆಸರಿರುವುದಿಲ್ಲ.

ವಾರಾನ್ನವನ್ನು ಕೊಂಡಾಡುವಾಗ ಅದರ ಸೀಮೆಯನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಎಲೆಯ ಮುಂದೆ ಕೂರಿಸುವ ಔದಾರ್ಯವು ಬಹುಮಟ್ಟಿಗೆ ತಮ್ಮ ತಮ್ಮ ಜಾತಿಯ ಗೆರೆಯೊಳಗೇ ಹರಿಯುತ್ತಿತ್ತು. ಆ ಗೆರೆಯ ಹೊರಗಿದ್ದ ಮಕ್ಕಳಿಗೆ ಪಟ್ಟಣದಲ್ಲಿ ಊಟದ ಮನೆ ಎಲ್ಲಿಂದ ಬರಬೇಕು? ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಒಂದರ ಹಿಂದೊಂದು ವಿದ್ಯಾರ್ಥಿನಿಲಯಗಳು ಎದ್ದುದು ಈ ಕೊರತೆಯಿಂದಲೇ. ತೋಟದಪ್ಪನವರ ನಿಲಯವನ್ನು ಆಗಲೇ ಹೇಳಿದೆ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗಾಗಿ ಗೋಪಾಲಸ್ವಾಮಿ ಅಯ್ಯರ್ ಅವರು ಜೀವಮಾನವನ್ನೇ ಸವೆಸಿದರು, ಅವರ ಹೆಸರಿನ ಹಾಸ್ಟೆಲು ಇಂದಿಗೂ ನಗರದಲ್ಲಿದೆ. ಯಾವ ಮನೆಯ ಎಲೆಯೂ ದೊರೆಯದಿದ್ದ ಹುಡುಗನಿಗೆ ಈ ನಿಲಯಗಳೇ ವಾರದ ಏಳು ಮನೆಗಳಾದುವು.

ಉತ್ತರ ಕರ್ನಾಟಕದ ಕಡೆ ಅರಸೊತ್ತಿಗೆಯ ಆಶ್ರಯವಿಲ್ಲದೆ ಇದೇ ಕಾರ್ಯ ನಡೆಯಿತು. ಶಿರಸಂಗಿಯ ದೇಸಾಯಿಯಾದ ಲಿಂಗರಾಜರು 1906ರಲ್ಲಿ ನಿಧನರಾಗುವಾಗ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು 1933ರಲ್ಲಿ ತೆರೆದ ತನ್ನ ಮೊದಲ ಕಾಲೇಜಿಗೆ ಲಿಂಗರಾಜರ ಹೆಸರನ್ನಿಟ್ಟಿತು. 1947ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿಗೆ ದಾನಿ ಭೂಮರಡ್ಡಿಯವರ ಹೆಸರು ಬಂದಿತು. ಕೊಟ್ಟವರ ಹೆಸರು ಕಟ್ಟಡದ ಮೇಲೆ ಬಂದುದು ಸರಿಯೇ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆಯುವುದು, ದುಡ್ಡಿಲ್ಲದೆ ಆಯುಷ್ಯವನ್ನೇ ಕೊಟ್ಟ ಆ ಏಳು ಉಪಾಧ್ಯಾಯರನ್ನು ಜನರು ಸಪ್ತರ್ಷಿಗಳೆಂದು ಕರೆದು ದಾನಿಗಳಿಗಿಂತ ಮೇಲಿನ ಪಂಕ್ತಿಯಲ್ಲಿ ಕೂರಿಸಿದ ವಿವೇಕ.

1950ರಲ್ಲಿ ಸಂವಿಧಾನವು ಜಾರಿಗೆ ಬಂದಾಗ ಅದರ 18ನೆಯ ವಿಧಿಯು ಬಿರುದುಗಳನ್ನು ರದ್ದುಮಾಡಿತು; ಸೈನಿಕ ಪದವಿಗಳಿಗೂ ವಿದ್ಯಾಸಂಬಂಧವಾದ ಪದವಿಗಳಿಗೂ ಮಾತ್ರ ವಿನಾಯಿತಿ ಉಳಿಯಿತು. ಪ್ರಜೆಗಳೆಲ್ಲ ಸಮಾನರೆಂಬ ಹೊಸ ಧರ್ಮಕ್ಕೆ ಇದು ಅಗತ್ಯವಾಗಿದ್ದಿತು. ಆದರೆ ಇದರಿಂದ ದಾನಿಯನ್ನು ಮನ್ನಿಸುವ ಕರ್ತವ್ಯವು ಮೂರನೆಯವನ ಕೈಯಿಂದ ಜಾರಿ, ದಾನವನ್ನು ಪಡೆದ ಸಂಸ್ಥೆಗಳ ಕೈಗೇ ಬಂದಿತೆಂಬುದನ್ನು ಆಗ ಬಹುಶಃ ಯಾರೂ ಎಣಿಸಲಿಲ್ಲ. ಆ ಬಳಿಕ ಸಂಘಸಂಸ್ಥೆಗಳ ನಿಯಮಾವಳಿಗಳಲ್ಲಿ ಮಹಾಪೋಷಕರು, ಪೋಷಕರು, ದಾನಿಗಳು, ಆಜೀವ ಸದಸ್ಯರು ಎಂಬ ಶ್ರೇಣಿಗಳು ಮೊದಲಿಗಿಂತ ಹೆಚ್ಚಿನ ಪ್ರಾಮುಖ್ಯವನ್ನು ಪಡೆದುವು. ಗೋಡೆಯ ಮೇಲಿನ ಅಮೃತಶಿಲೆಯ ಹಲಗೆಗಳು, ಕೊಠಡಿಯ ಬಾಗಿಲಿನ ಮೇಲಿನ ಹೆಸರುಗಳು, ಫ್ಯಾನಿನ ರೆಕ್ಕೆಯ ಮೇಲೂ ಬೆಂಚಿನ ಬೆನ್ನಿನ ಮೇಲೂ ಬರೆದ ಹೆಸರುಗಳು ಬಂದುವು. ಬೆಂಚಿನ ಮೇಲೆ ಹೆಸರು ಬರೆಸಿದವನನ್ನು ನಾನು ಹಗುರವಾಗಿ ಕಾಣಲಾರೆ. ಅವನಿಂದ ಆದುದು ಒಂದು ಬೆಂಚು. ಅದನ್ನು ಅವನು ಕೊಟ್ಟನು.

ಇವೆಲ್ಲದರ ನಡುವೆ ಕನ್ನಡನಾಡು ತನ್ನ ಹಳೆಯ ಶಾಸನಧರ್ಮವನ್ನು ಒಂದು ಹೊಸ ರೂಪದಲ್ಲಿ ಉಳಿಸಿಕೊಂಡಿತು. ಅದೇ ದತ್ತಿ. ತಾಯಿಯ ಹೆಸರಿನಲ್ಲೋ ತಂದೆಯ ಹೆಸರಿನಲ್ಲೋ ತಾನು ಓದಿ ಬೆಳೆದ ಗುರುವಿನ ಹೆಸರಿನಲ್ಲೋ ಒಂದು ಮೊತ್ತವನ್ನು ಸಂಸ್ಥೆಯಲ್ಲಿ ಇಡುವುದು. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸವನ್ನೋ ಬಹುಮಾನವನ್ನೋ ವಿದ್ಯಾರ್ಥಿವೇತನವನ್ನೋ ನಡೆಸುವುದು. ಗಿರಿನಗರದಿಂದ ದೂರವಲ್ಲದ ಚಾಮರಾಜಪೇಟೆಯಲ್ಲಿ, 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಇಂಥ ದತ್ತಿಗಳು ನೂರಾರು ಇವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ, ಗಿರಿನಗರದ ಪಡುವಣಕ್ಕೆ ಜ್ಞಾನಭಾರತಿಯಲ್ಲಿ ನೆಲೆಸಿರುವ 1964ರ ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಘಟಿಕೋತ್ಸವದ ದಿನ ಒಂದೊಂದು ಚಿನ್ನದ ಪದಕವನ್ನು ಕೊಡುವಾಗಲೂ ಅದನ್ನು ಸ್ಥಾಪಿಸಿದವರ ಹೆಸರನ್ನು ಓದುತ್ತಾರೆ. ಗೋಡೆಯ ಮೇಲಿನ ಹೆಸರನ್ನು ಹೋಗಿ ಬರುವವರು ನೋಡಿದರೂ ನೋಡಬಹುದು, ನೋಡದೆಯೂ ಇರಬಹುದು; ದತ್ತಿಯ ಹೆಸರಾದರೋ ಪ್ರತಿವರ್ಷವೂ ಒಂದು ಕೆಲಸ ನಡೆದಾಗ ಮಾತ್ರ ಉಚ್ಚಾರಣೆಗೆ ಬರುತ್ತದೆ, ಕೆಲಸ ನಿಂತರೆ ಹೆಸರೂ ನಿಲ್ಲುತ್ತದೆ. ಸಂಸ್ಥೆಯು ಆ ಹೆಸರನ್ನು ಹೇಳುವುದಕ್ಕಾಗಿಯಾದರೂ ಕೆಲಸವನ್ನು ನಡೆಸಬೇಕು. ಸಾಲೋಟಗಿಯ ದೀಪದ ಹೊಲವೂ ಇದೇ ನ್ಯಾಯದ ಮೇಲೆ ನಿಂತದ್ದು.

ಡಿ.ವಿ.ಜಿ.ಯವರು ತಮಗೆ 1970ರಲ್ಲಿ ನಾಡು ಅರ್ಪಿಸಿದ ಹಮ್ಮಿಣಿಯನ್ನು ಹಾಗೆಯೇ ಗೋಖಲೆ ಸಂಸ್ಥೆಗೆ ದಾಟಿಸಿದುದನ್ನು ಇಲ್ಲಿ ಸ್ಮರಿಸಬೇಕು. ತಮ್ಮನ್ನು ಮನ್ನಿಸಲೆಂದು ಬಂದ ಹಣವನ್ನೇ ಅವರು ದಾನವಾಗಿ ಮಾರ್ಪಡಿಸಿದರು; ಮನ್ನಣೆಗೂ ದಾನಕ್ಕೂ ನಡುವೆ ಅವರಲ್ಲಿ ಗೋಡೆಯೇ ಇರಲಿಲ್ಲ.

ಈಚಿನ ವರ್ಷಗಳಲ್ಲಿ ಕಾನೂನು ಈ ವಿಷಯದಲ್ಲಿ ಪ್ರವೇಶಿಸಿರುವ ಬಗೆ ವಿಚಾರಯೋಗ್ಯವಾಗಿದೆ. ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯನ್ನು ಕೊಡುವ 80ಜಿ ರಸೀದಿಯು ನಮ್ಮ ಕಾಲದ ತಾಮ್ರಶಾಸನವಾಗಿದೆ. 2006ರಲ್ಲಿ ಆ ಕಾನೂನಿಗೆ ಬಂದ ಒಂದು ತಿದ್ದುಪಡಿಯಂತೆ, ಯಾರು ಕೊಟ್ಟರೆಂಬ ದಾಖಲೆಯಿಲ್ಲದ ಅನಾಮಧೇಯ ದಾನವು ಒಂದು ಮಿತಿಯನ್ನು ಮೀರಿದರೆ ಅದರ ಮೇಲೆ ತೆರಿಗೆ ಬೀಳುತ್ತದೆ. ಕೇವಲ ಧಾರ್ಮಿಕವಾದ ಸಂಸ್ಥೆಗಳಿಗೆ ಇದರಿಂದ ವಿನಾಯಿತಿಯುಂಟು, ವಿದ್ಯಾಸಂಸ್ಥೆಗಳಿಗೆ ಇಲ್ಲ. ಎಂದರೆ, ದೇವರ ಹುಂಡಿಗೆ ಗುಪ್ತವಾಗಿ ಹಾಕಬಹುದು, ಕಾಲೇಜಿಗೆ ದೊಡ್ಡ ಮೊತ್ತವನ್ನು ಗುಪ್ತವಾಗಿ ಕೊಡಲಾಗದು. ಕಪ್ಪುಹಣವನ್ನು ತಡೆಯುವ ಈ ಉದ್ದೇಶವನ್ನು ಆಕ್ಷೇಪಿಸುವಂತಿಲ್ಲ. ಆದರೆ ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ಹಿರಿಯರಿಂದ ಕೇಳಿ ಬೆಳೆದ ಒಬ್ಬ ವೃದ್ಧ ಉಪಾಧ್ಯಾಯ, ತನ್ನ ಜೀವಮಾನದ ಉಳಿತಾಯವನ್ನು ತಾನು ಪಾಠ ಹೇಳಿದ ಸಂಸ್ಥೆಗೆ ಕೊಡಲು ಬಂದಾಗ, ಲೆಕ್ಕದ ಪುಸ್ತಕದಲ್ಲಿ ಅವನ ಹೆಸರನ್ನು ಬರೆದುಕೊಂಡೂ ಗೋಡೆಯ ಮೇಲೆ ಬರೆಯದೆ ಇರುವ ಸೌಜನ್ಯ ಸಂಸ್ಥೆಗೆ ಬೇಕು. ಬರೆದುಕೊಳ್ಳುವುದು ಹೊಣೆಗಾರಿಕೆ, ಬರೆದುದನ್ನು ತೋರಿಸುವುದೂ ತೋರಿಸದಿರುವುದೂ ಕೊಟ್ಟವನ ಇಚ್ಛೆ.

ಇಂದಿನ ದಾನಗಳ ಪ್ರಮಾಣವೇ ಬೇರೆ. 2022ರಲ್ಲಿ ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ಎಂಬ ಎರಡು ದಂಪತಿಗಳು 800 ಹಾಸಿಗೆಗಳ ಆಸ್ಪತ್ರೆಯೊಂದನ್ನು ಕಟ್ಟಲು ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ರೂಪಾಯಿಗಳನ್ನು ವಾಗ್ದಾನ ಮಾಡಿದರು. ಆಸ್ಪತ್ರೆಗೆ ಅವರ ಹೆಸರು ಬರುವುದೆಂದು ಗೊತ್ತಾಯಿತು. ಇಷ್ಟು ದೊಡ್ಡ ಮನಸ್ಸಿನವರಿಗೆ ನಾಡು ಎಷ್ಟು ಕೃತಜ್ಞವಾಗಿದ್ದರೂ ಸಾಲದು. ನಮ್ಮ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ಸಂಘಗಳೂ ಈಗ ಅಮೆರಿಕೆಯ ಕ್ರಮದಲ್ಲಿ ಮೊತ್ತಕ್ಕೆ ತಕ್ಕ ಮಂಡಲಿಗಳನ್ನು ಏರ್ಪಡಿಸಲು ತೊಡಗಿವೆ. ಇದನ್ನು ನಾನು ವಿರೋಧಿಸುವುದಿಲ್ಲ. ಆದರೆ ಅಂಥ ಮಂಡಲಿಗಳಲ್ಲಿ, ಎಷ್ಟು ಕೊಟ್ಟರೆಂಬುದಕ್ಕಿಂತ ಎಷ್ಟು ವರ್ಷ ಬಿಡದೆ ಕೊಟ್ಟರೆಂಬುದನ್ನು ಮುಂದಿಡುವ ಮಂಡಲಿಯೇ ವಾರಾನ್ನದ ನಾಡಿಗೆ ಹೆಚ್ಚು ಒಪ್ಪುವುದೆಂದು ನನ್ನ ಬಿನ್ನಹ.

ಹಳೆಯ ದತ್ತಿಗಳ ವಿಷಯವಾಗಿ ತುರ್ತಾಗಿ ಆಗಬೇಕಾದ ಕೆಲಸವೊಂದುಂಟು. ಐವತ್ತು ಅರವತ್ತು ವರ್ಷಗಳ ಹಿಂದೆ ಒಬ್ಬ ವಿಧವೆಯು ತನ್ನ ಬಳೆಗಳನ್ನು ಮಾರಿ ಇಟ್ಟ ಒಂದೆರಡು ಸಾವಿರ ರೂಪಾಯಿ ಅಂದು ಒಂದು ಚಿನ್ನದ ಪದಕಕ್ಕೆ ಧಾರಾಳವಾಗಿ ಸಾಲುತ್ತಿತ್ತು. ಇಂದು ಅದರ ಬಡ್ಡಿಯಿಂದ ಪದಕದ ಪೆಟ್ಟಿಗೆಯೂ ಬಾರದು. ಹೀಗೆ ಸೊರಗಿದ ದತ್ತಿಗಳನ್ನು ಒಂದರೊಡನೊಂದು ಸೇರಿಸಿ ಹೆಸರುಗಳನ್ನು ಮರೆಸುವುದೂ, ಇನ್ನು ನಡೆಸಲಾಗದೆಂದು ಕೈಬಿಡುವುದೂ ಎರಡೂ ಅಧರ್ಮ. ಹೊಸದಾಗಿ ಕೊಡಲು ಬಂದವರಲ್ಲಿ ಕೆಲವರಾದರೂ ತಮ್ಮ ಹೆಸರಿನ ಹೊಸ ದತ್ತಿಗೆ ಬದಲಾಗಿ ಹಳೆಯ ದತ್ತಿಯೊಂದರ ಮೂಲಧನಕ್ಕೆ ತಮ್ಮ ಹಣವನ್ನು ಕೂಡಿಸಲು ಒಪ್ಪಿದರೆ, ಮೊದಲು ಕೊಟ್ಟವರ ಹೆಸರನ್ನು ಮೊದಲಿಟ್ಟು ಆಮೇಲೆ ಕೊಟ್ಟವರ ಹೆಸರನ್ನು ಅದರ ಕೆಳಗೆ ಸೇರಿಸಿ ಘಟಿಕೋತ್ಸವದಲ್ಲಿ ಎರಡನ್ನೂ ಓದಬಹುದು. ಇದಕ್ಕೆ ವಿಶ್ವವಿದ್ಯಾಲಯದ ದತ್ತಿ ನಿಯಮಗಳಲ್ಲಿ ಒಂದು ವಾಕ್ಯವನ್ನು ಸೇರಿಸಿದರೆ ಸಾಕು. ಬೆಂಗಳೂರು ವಿಶ್ವವಿದ್ಯಾಲಯವೂ ಮೈಸೂರು ವಿಶ್ವವಿದ್ಯಾನಿಲಯವೂ ಮುಂದಿನ ಘಟಿಕೋತ್ಸವಕ್ಕೆ ಮೊದಲೇ ಅದನ್ನು ಮಾಡಬಹುದು.